ನೂರ್ ಇನಾಯತ್ ಖಾನ್: ಕಾದಂಬರಿಕಾರರು ಬೆನ್ನು ಹತ್ತಿದ ಗೂಢಚಾರಿಣಿಯ ನಿಜ ಬದುಕು

ಎರಡನೇ ಮಹಾಯುದ್ಧದ ಗೂಢಚಾರರ ಬಗ್ಗೆ ಕಾದಂಬರಿ ಬರೆಯಲು ಹೊರಟವರು ಒಂದಲ್ಲ ಒಂದು ದಿನ ನೂರ್ ಇನಾಯತ್ ಖಾನ್ ಹೆಸರಿನ ಮುಂದೆ ಬಂದು ನಿಲ್ಲುತ್ತಾರೆ. ಮಕ್ಕಳ ಕಥೆ ಬರೆಯುತ್ತಿದ್ದ, ವೀಣೆ ನುಡಿಸುತ್ತಿದ್ದ, ಸುಳ್ಳು ಹೇಳಲು ಬಾರದ ಹುಡುಗಿ. ಆಕೆ ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ ಸುಳ್ಳು ಹೆಸರಿಟ್ಟುಕೊಂಡು, ಸೂಟ್‌ಕೇಸ್‌ನಲ್ಲಿ ವೈರ್‌ಲೆಸ್ ಸೆಟ್ ಹೊತ್ತು ತಿರುಗಿದರು. ಇಂಥ ಪಾತ್ರವನ್ನು ಯಾರಾದರೂ ಕಲ್ಪಿಸಿ ಬರೆದಿದ್ದರೆ ಸಂಪಾದಕರು ನಂಬಲಸಾಧ್ಯ ಎಂದು ವಾಪಸ್ ಕಳಿಸುತ್ತಿದ್ದರೇನೋ!

ನಮ್ಮ ಡೆಸ್ಕ್‌ನಲ್ಲೂ ಪ್ರತಿ ಜನವರಿ 1ರಂದು, ಸೆಪ್ಟೆಂಬರ್ 13ರಂದು ಆಕೆಯ ಸುದ್ದಿ ಬರುತ್ತದೆ. ಹೆಡ್‌ಲೈನ್ ಬಹುತೇಕ ಒಂದೇ. ಟಿಪ್ಪು ಸುಲ್ತಾನ್ ವಂಶದ ರಾಜಕುಮಾರಿ, ಹಿಟ್ಲರ್ ವಿರುದ್ಧದ ಗೂಢಚಾರಿಣಿ. ಕ್ಲಿಕ್ ಚೆನ್ನಾಗಿಯೇ ಬೀಳುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಹೆಡ್‌ಲೈನ್‌ನ ಹಿಂದೆ ಹೋಗಿ ಓದುತ್ತಾ ಕೂತರೆ ಸಿಗುವುದು ಇನ್ನೂ ಕಷ್ಟದ, ಇನ್ನೂ ದೊಡ್ಡ ಕಥೆ. ಅದರಲ್ಲಿ ಒಂದು ನೋಟ್‌ಬುಕ್ ಇದೆ. ಅದನ್ನು ಹೇಗೆ ಬರೆಯಬೇಕು ಎಂಬುದೇ ಆಕೆಯ ಬಗ್ಗೆ ಬರೆಯುವ ಎಲ್ಲರಿಗೂ ಇರುವ ನಿಜವಾದ ಪ್ರಶ್ನೆ.

ಮೈಸೂರಿನಿಂದ ಮಾಸ್ಕೋವರೆಗೆ

ಮೊದಲು ಟಿಪ್ಪು ನಂಟಿನ ವಿಷಯ ಮುಗಿಸಿಬಿಡೋಣ. ನೂರ್ ತಂದೆ ಹಜರತ್ ಇನಾಯತ್ ಖಾನ್ 1882ರಲ್ಲಿ ಬರೋಡಾದಲ್ಲಿ ಹುಟ್ಟಿದವರು. ಸಂಗೀತಗಾರರು, ಸೂಫಿ ಗುರುಗಳು. ಅವರ ತಾಯಿಯ ತಂದೆ ಮೌಲಾ ಬಕ್ಷ್. ಇವರು ಮೈಸೂರು ಆಸ್ಥಾನದಲ್ಲಿ ಮರ್ಯಾದೆ ಪಡೆದ, ಹಿಂದೂಸ್ತಾನಿಯ ಜೊತೆ ಕರ್ನಾಟಕ ಸಂಗೀತವನ್ನೂ ಕಲಿತ, ಮುಂದೆ ಬರೋಡಾದಲ್ಲಿ ಸಂಗೀತ ಶಾಲೆ ಕಟ್ಟಿದ ವಿದ್ವಾಂಸ. ಅವರು ಮದುವೆಯಾದ ಕಾಸಿಂಬೀ ಎಂಬಾಕೆ ಟಿಪ್ಪು ವಂಶದವರು ಎನ್ನುವುದು ಆ ಕುಟುಂಬದಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಕುಟುಂಬವನ್ನು ವೆಲ್ಲೂರಿಗೆ, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತಾಗೆ ಸಾಗಿಸಿದ ಬ್ರಿಟಿಷರು ಆ ಹೆಸರಿಗೆ ಎಷ್ಟು ಹೆದರಿದ್ದರೆಂದರೆ, ನಂಟನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಅಪಾಯವಾಗಿತ್ತು. ಹಾಗಾಗಿ ಇದು ಬಹುಮಟ್ಟಿಗೆ ಮನೆಮಾತಾಗಿ ಉಳಿದ ಸಂಗತಿ.

ಅಂದರೆ ನೂರ್ ಅರಮನೆಯಲ್ಲಿ ಬೆಳೆದ ರಾಜಕುಮಾರಿಯಲ್ಲ. ಸಂಗೀತ ಕಛೇರಿ, ಉಪನ್ಯಾಸ, ಶಿಷ್ಯರು ಕೊಡುವ ಕಾಣಿಕೆ, ಇಷ್ಟರಲ್ಲೇ ನಡೆಯುತ್ತಿದ್ದ, ಆಗಾಗ ಕೈ ಖಾಲಿಯಾಗುತ್ತಿದ್ದ ಮನೆ ಅದು. ಮೈಸೂರಿನಿಂದ ನಿಜವಾಗಿ ಆಕೆಯವರೆಗೆ ಹರಿದುಬಂದದ್ದು ವೀಣೆ ಎಂದು ನನಗನ್ನಿಸುತ್ತದೆ. ತಂದೆ ವೀಣೆ ನುಡಿಸುತ್ತಿದ್ದರು, ಮಗಳೂ ಕಲಿತರು. ಸೀರೆಯುಟ್ಟು ವೀಣೆ ಹಿಡಿದು ಕೂತ ನೂರ್ ಫೋಟೋ ಇಂದಿಗೂ ಲಭ್ಯವಿದೆ.

ತಾಯಿ ಓರಾ ರೇ ಬೇಕರ್ ಅಮೆರಿಕದವರು. ಇನಾಯತ್ ಖಾನ್ ಸಂಗೀತ ಪ್ರವಾಸಕ್ಕೆ ಹೋಗಿದ್ದಾಗ ಪರಿಚಯವಾಗಿ, ಮನೆಯವರ ವಿರೋಧದ ನಡುವೆ ಮದುವೆಯಾಗಿ ಅಮೀನಾ ಬೇಗಂ ಆದರು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ಕ್ರೆಮ್ಲಿನ್ ಅರಮನೆಯೊಳಗೇ ಹುಟ್ಟಿದರೆಂಬ ಕಥೆ ಕೆಲವೆಡೆ ಓಡಾಡುತ್ತದೆ, ಅದನ್ನು ನಂಬಬೇಡಿ. ಮಹಾಯುದ್ಧ ಶುರುವಾಗುವ ಹೊತ್ತಿಗೆ ಕುಟುಂಬ ಲಂಡನ್‌ಗೆ ಬಂತು. 1920ರಲ್ಲಿ ಫ್ರಾನ್ಸ್‌ಗೆ ಹೋಗಿ, ಸ್ವಲ್ಪ ಕಾಲದ ನಂತರ ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ ಫಜಲ್ ಮಂಜಿಲ್ ಎಂಬ ಮನೆಯಲ್ಲಿ ನೆಲೆಸಿತು. ನೂರ್ ನಂತರ ವಿಲಾಯತ್, ಹಿದಾಯತ್ ಎಂಬ ಇಬ್ಬರು ತಮ್ಮಂದಿರು, ಖೈರುನ್ನಿಸಾ ಎಂಬ ತಂಗಿ.

1927ರ ಫೆಬ್ರವರಿಯಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಲ್ಲಿ ಕೋಣೆ ಸೇರಿದರು. ಹದಿಮೂರು ವರ್ಷದ ನೂರ್ ಮನೆ ನೋಡಿಕೊಳ್ಳುವ ಹಿರಿಯಳಾದಳು. ನಂತರದ್ದು ಬೇಗ ಹೇಳಬಹುದು. ಸೋರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ, ಎಕೋಲ್ ನಾರ್ಮಲ್‌ನಲ್ಲಿ ನಾದಿಯಾ ಬುಲಾಂಜೆ ಬಳಿ ಸಂಗೀತ, ಹಾರ್ಪ್ ವಾದ್ಯ, ಪತ್ರಿಕೆಗೆ ಮತ್ತು ಪ್ಯಾರಿಸ್ ರೇಡಿಯೋಗೆ ಮಕ್ಕಳ ಕಥೆಗಳು. 1939ರಲ್ಲಿ ಲಂಡನ್‌ನಲ್ಲಿ ಆಕೆಯ ಪುಸ್ತಕ ಬಂತು. ಬುದ್ಧನ ಇಪ್ಪತ್ತು ಜಾತಕ ಕಥೆಗಳು.

ಈ ಪುಸ್ತಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದರ ಮೊದಲ ಕಥೆ ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಓದಿದ್ದೇ. ರಾಜನ ಬಿಲ್ಲುಗಾರರು ಸುತ್ತುವರಿದಾಗ ಕಪಿರಾಜ ತನ್ನ ದೇಹವನ್ನೇ ಸೇತುವೆ ಮಾಡಿ ಸಾವಿರಾರು ಕಪಿಗಳನ್ನು ನದಿ ದಾಟಿಸುತ್ತಾನೆ. ಎಲ್ಲರೂ ದಾಟಿದ ಮೇಲೆ ಅವನ ಬೆನ್ನು ಮುರಿದಿರುತ್ತದೆ.

ಅಹಿಂಸೆಯ ಮನೆಯಿಂದ ಯುದ್ಧಕ್ಕೆ

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹೊಸ್ತಿಲಿಗೆ ಬಂದಾಗ ಅಕ್ಕ-ತಮ್ಮ, ಅಂದರೆ ನೂರ್ ಮತ್ತು ವಿಲಾಯತ್, ಕೂತು ಮಾತಾಡಿದರು. ತಂದೆ ಕಲಿಸಿದ್ದು ಅಹಿಂಸೆ. ಗಾಂಧೀಜಿ ಬಗ್ಗೆ ಇಬ್ಬರಿಗೂ ಭಕ್ತಿ. ಆದರೆ ಯಹೂದಿಗಳನ್ನು ಬೇಟೆಯಾಡುವ ಸರ್ಕಾರದ ಎದುರು ಸುಮ್ಮನೆ ಕೂರುವುದು ಅಹಿಂಸೆಯೇ? ಕೊನೆಗೆ ಇಬ್ಬರೂ ಯುದ್ಧಕ್ಕೆ ಇಳಿಯುವುದು, ಆದರೆ ಆದಷ್ಟೂ ಕೊಲ್ಲದ, ಸ್ವತಃ ಹೆಚ್ಚು ಅಪಾಯವಿರುವ ಕೆಲಸ ಹಿಡಿಯುವುದು ಎಂದು ತೀರ್ಮಾನಿಸಿದರು. ನಿರಾಶ್ರಿತರ ಹಿಂಡಿನೊಂದಿಗೆ ಬೋರ್ಡೋ ತಲುಪಿ, ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡ್‌ನ ಫಾಲ್ಮತ್‌ಗೆ ಬಂದಿಳಿದರು. ವಿಲಾಯತ್ ಮುಂದೆ ನೌಕಾಪಡೆ ಸೇರಿದರು.

ನವೆಂಬರ್ 1940ರಲ್ಲಿ ನೂರ್ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ತರಬೇತಿಗೆ ಹೋದರು. ಚಳಿಗೆ ಬೆರಳುಗಳು ಊದಿಕೊಂಡು ಮೋರ್ಸ್ ಕೀಲಿಯನ್ನು ಗಟ್ಟಿಯಾಗಿ ಕುಟ್ಟುತ್ತಿದ್ದರಂತೆ, ಸಹಪಾಠಿಗಳಿಗೆ ಅದೊಂದು ತಮಾಷೆ. 1942ರಲ್ಲಿ ಅಧಿಕಾರಿ ಹುದ್ದೆಗೆ ಸಂದರ್ಶನ ನಡೆದಾಗ ಭಾರತದ ಸ್ವಾತಂತ್ರ್ಯದ ಬಗ್ಗೆ ಕೇಳಿದರು. ಕ್ವಿಟ್ ಇಂಡಿಯಾ ವರ್ಷ ಅದು. ನೂರ್ ಮುಚ್ಚುಮರೆ ಮಾಡಲಿಲ್ಲ. ಯುದ್ಧ ಮುಗಿಯುವವರೆಗೆ ಬ್ರಿಟನ್ ಜೊತೆ, ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ಎಂಬ ಅರ್ಥದ ಉತ್ತರ ಕೊಟ್ಟು ಹೊರಬಂದರು. ಕೆಲಸ ಕೈತಪ್ಪಿತು ಎಂದೇ ಅಂದುಕೊಂಡಿದ್ದರು. ಬದಲಿಗೆ ಬೇರೊಂದು ಕಚೇರಿಯಿಂದ ಕರೆ ಬಂತು.

ಆ ಕಚೇರಿ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಚಿಕ್ಕದಾಗಿ ಎಸ್‌ಒಇ. ಶತ್ರು ನೆಲದಲ್ಲಿ ಬಂಡಾಯ, ವಿಧ್ವಂಸಕ ಕೃತ್ಯ ನಡೆಸಲು 1940ರ ಜುಲೈನಲ್ಲಿ ಚರ್ಚಿಲ್ ಸರ್ಕಾರ ಹುಟ್ಟುಹಾಕಿದ ಗುಪ್ತ ಸಂಸ್ಥೆ. ಅದರ ಫ್ರೆಂಚ್ ವಿಭಾಗಕ್ಕೆ ಫ್ರೆಂಚರಂತೆಯೇ ಫ್ರೆಂಚ್ ಮಾತಾಡುವ, ವೈರ್‌ಲೆಸ್ ಬಲ್ಲ ಜನ ತುರ್ತಾಗಿ ಬೇಕಿತ್ತು. 1942ರ ನವೆಂಬರ್‌ನಲ್ಲಿ ಲಂಡನ್‌ನ ಹೋಟೆಲ್ ಒಂದರ ಬೋಳು ಕೋಣೆಯಲ್ಲಿ ನೂರ್‌ರನ್ನು ಸಂದರ್ಶನ ಮಾಡಿದ್ದು ಸೆಲ್ವಿನ್ ಜೆಪ್ಸನ್. ವೃತ್ತಿಯಿಂದ ಇವರು ಪತ್ತೇದಾರಿ ಕಾದಂಬರಿಕಾರ! ಸಿಕ್ಕಿಬಿದ್ದರೆ ಚಿತ್ರಹಿಂಸೆ, ಸಾವು ಖಚಿತ ಎಂದು ಅವರು ಮೊದಲೇ ಹೇಳಿದರು. ನೂರ್ ತಕ್ಷಣ ಒಪ್ಪಿದರು.

ಸುಳ್ಳು ಹೇಳಲು ಬಾರದ ಗೂಢಚಾರಿಣಿ

ತರಬೇತಿಯ ವರದಿಗಳನ್ನು ಓದಿದರೆ ಈಕೆಯನ್ನು ಕಳಿಸಿದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಅಂಜುಬುರುಕಿ, ಭಾವುಕಿ, ಗುಟ್ಟು ಕಾಯುವ ವಿಷಯದಲ್ಲಿ ಎಚ್ಚರವಿಲ್ಲ ಎಂದು ಒಬ್ಬ ಬೋಧಕ ಬರೆದರು. ಬುದ್ಧಿಯ ಬಗ್ಗೆಯೂ ಹಗುರವಾಗಿ ಷರಾ ಹಾಕಿದರು. ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅದೇ ಕಾಗದದ ಅಂಚಿನಲ್ಲಿ ಇದೆಲ್ಲ ಅಸಂಬದ್ಧ ಎಂದು ಗೀಚಿದರು. ಗೆಸ್ಟಾಪೋ ವೇಷ ಹಾಕಿ ಮಧ್ಯರಾತ್ರಿ ಎಬ್ಬಿಸಿ ನಡೆಸುವ ಅಣಕು ವಿಚಾರಣೆಯಲ್ಲಿ ನೂರ್ ಎಷ್ಟು ಹೆದರಿದರೆಂದರೆ ದನಿಯೇ ಹೊರಡಲಿಲ್ಲ.

ಸಂಕೇತ ಭಾಷೆಯ ಮುಖ್ಯಸ್ಥ ಲಿಯೋ ಮಾರ್ಕ್ಸ್ 1998ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಲ್ಲಿ ಈ ಭಾಗ ಸೊಗಸಾಗಿದೆ. ನೂರ್‌ರನ್ನು ಅರ್ಥ ಮಾಡಿಕೊಳ್ಳಲು ಅವರು ಜಾತಕ ಕಥೆಗಳ ಪುಸ್ತಕವನ್ನೇ ಓದಿದರಂತೆ. ಸಂಕೇತಗಳನ್ನು ತಪ್ಪಿಲ್ಲದೆ ಬರೆಯುವಂತೆ ಮಾಡಲು ಕಪಿಸೇತುವೆ ಕಥೆಯನ್ನೇ ಬಳಸಿದರಂತೆ. ಒಂದೊಂದು ತಪ್ಪು ಅಕ್ಷರವೂ ಸೇತುವೆಯಿಂದ ಬೀಳುವ ಒಂದೊಂದು ಕಪಿ ಎನ್ನುವ ರೀತಿ. ಸಿಕ್ಕಿಬಿದ್ದರೆ ಲಂಡನ್‌ಗೆ ತಿಳಿಸುವ ರಹಸ್ಯ ಗುರುತಿನ ಬಗ್ಗೆ ಶತ್ರುವಿಗೆ ಸುಳ್ಳು ಹೇಳಲು ಆಕೆ ತಯಾರಿರಲಿಲ್ಲವಾದ್ದರಿಂದ, ಸುಳ್ಳೇ ಬೇಡದ ಬೇರೆ ಗುರುತು ಮಾಡಿಕೊಟ್ಟರಂತೆ. ಸಂಕೇತದ ಕೀಲಿಪದಗಳು ಒಟ್ಟು ಹದಿನೆಂಟು ಅಕ್ಷರ ಬಂದರೆ ಸಿಕ್ಕಿಬಿದ್ದಿದ್ದಾಳೆ ಎಂದರ್ಥ.

ಇಲ್ಲಿ ಒಂದು ಮಾತು. ಮಾರ್ಕ್ಸ್ ಯುದ್ಧದ ನಂತರ ಸಿನಿಮಾ ಚಿತ್ರಕಥೆ ಬರೆದವರು. ಜೆಪ್ಸನ್ ಕಾದಂಬರಿಕಾರ. ನೂರ್ ಜೀವನಚರಿತ್ರೆಯನ್ನು 1952ರಲ್ಲಿ ಮೊದಲು ಬರೆದ ಜೀನ್ ಓವರ್ಟನ್ ಫುಲ್ಲರ್ ಆಕೆಯ ಗೆಳತಿ, ಸ್ವತಃ ಕವಿ. ಹೀಗೆ ಆಕೆಯನ್ನು ಕಂಡವರಲ್ಲಿ ಬಹಳಷ್ಟು ಮಂದಿ ಕಥೆ ಕಟ್ಟಲು ಬಲ್ಲವರೇ ಆಗಿದ್ದರು. ಸಂಶೋಧನೆಗೆ ಕೂರುವವರು ಇದನ್ನು ಮರೆತರೆ ಕಷ್ಟ. ಎಸ್‌ಒಇ ಕಡತಗಳಲ್ಲಿ ಬಹಳಷ್ಟು 1946ರ ಬೆಂಕಿಯಲ್ಲಿ, ನಂತರದ ವಿಲೇವಾರಿಯಲ್ಲಿ ಹಾಳಾದವು. ಉಳಿದ ಸಿಬ್ಬಂದಿ ಕಡತಗಳು ಸಾರ್ವಜನಿಕರಿಗೆ ತೆರೆದದ್ದು 2003ರ ಸುಮಾರಿಗೆ. ಅದರ ಬಲದಿಂದ ಶ್ರಾವಣಿ ಬಸು 2006ರಲ್ಲಿ ಸ್ಪೈ ಪ್ರಿನ್ಸೆಸ್ ಎಂಬ ಜೀವನಚರಿತ್ರೆ ಬರೆದರು. ಅಲ್ಲಿಯವರೆಗೆ ಕಾದಂಬರಿ ಯಾವುದು, ದಾಖಲೆ ಯಾವುದು ಎಂಬ ಗೆರೆಯೇ ಮಸುಕಾಗಿತ್ತು.

ಪ್ಯಾರಿಸ್‌ನಲ್ಲಿ ಒಂದೇ ರೇಡಿಯೋ

1943ರ ಜೂನ್ 16ರ ರಾತ್ರಿ, ಹುಣ್ಣಿಮೆಯ ಆಸುಪಾಸು. ಚಿಕ್ಕ ಲೈಸ್ಯಾಂಡರ್ ವಿಮಾನ ನೂರ್‌ರನ್ನು ಫ್ರಾನ್ಸ್‌ನ ಆಂಜೇ ಬಳಿಯ ಹೊಲದಲ್ಲಿ ಇಳಿಸಿತು. ಹೊರಡುವ ಮುನ್ನ ಏರ್‌ಫೀಲ್ಡ್‌ನಲ್ಲಿ ಅಧಿಕಾರಿ ವೆರಾ ಆಟ್ಕಿನ್ಸ್ ಧರಿಸಿದ್ದ ಹಕ್ಕಿಯ ಬ್ರೂಚ್ ಚೆನ್ನಾಗಿದೆ ಎಂದು ನೂರ್ ಹೇಳಿದರು. ಆಟ್ಕಿನ್ಸ್ ಅದನ್ನು ಬಿಚ್ಚಿ ಆಕೆಗೇ ಕೊಟ್ಟರು. ತಾಯಿಗೆ ಕೆಟ್ಟ ಸುದ್ದಿ ಆದಷ್ಟೂ ಮುಟ್ಟಿಸಬೇಡಿ ಎಂಬುದೊಂದೇ ಆಕೆಯ ಕೋರಿಕೆಯಾಗಿತ್ತು.

ಹೊಸ ಹೆಸರು ಜಾನ್ ಮಾರಿ ರೆನಿಯೆ, ಮಕ್ಕಳನ್ನು ನೋಡಿಕೊಳ್ಳುವ ದಾದಿ. ಸಂಕೇತನಾಮ ಮ್ಯಾಡಲೀನ್. ಆಕ್ರಮಿತ ಫ್ರಾನ್ಸ್‌ಗೆ ಎಸ್‌ಒಇ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ಆಗ ವಯಸ್ಸು 29.

ಸೇರಿಕೊಂಡದ್ದು ಫ್ರಾನ್ಸಿಸ್ ಸಟಲ್ ನಡೆಸುತ್ತಿದ್ದ ಪ್ರಾಸ್ಪರ್ ಜಾಲದ ಒಂದು ಕವಲನ್ನು. ಅದು ಪ್ಯಾರಿಸ್ ಸುತ್ತಲಿನ ಅತಿ ದೊಡ್ಡ ಜಾಲ. ಆದರೆ ಆಕೆ ಬಂದು ಸುಮಾರು ಒಂದು ವಾರಕ್ಕೇ ಎಲ್ಲ ಕುಸಿಯಿತು. ಜೂನ್ ಕೊನೆಯ ಆ ದಿನಗಳಲ್ಲಿ ಸಟಲ್, ಅವರ ಸಹಾಯಕಿ ಆಂದ್ರೆ ಬೊರೆಲ್, ರೇಡಿಯೋ ಆಪರೇಟರ್ ಗಿಲ್ಬರ್ಟ್ ನಾರ್ಮನ್ ಸಿಕ್ಕಿಬಿದ್ದರು. ಹಿಂದೆಯೇ ನೂರಾರು ಸ್ಥಳೀಯ ಬೆಂಬಲಿಗರು. ಪ್ಯಾರಿಸ್‌ನಿಂದ ಲಂಡನ್ ಜೊತೆ ಮಾತಾಡಬಲ್ಲ ಫ್ರೆಂಚ್ ವಿಭಾಗದ ರೇಡಿಯೋ ಎಂದು ಉಳಿದದ್ದು ಮ್ಯಾಡಲೀನ್ ಕೈಯಲ್ಲಿದ್ದದ್ದೇ. ವಾಪಸ್ ಬನ್ನಿ ಎಂದು ಲಂಡನ್ ಕರೆಯಿತು. ಬದಲಿ ಆಪರೇಟರ್ ಬರುವವರೆಗೆ ಹೊರಡುವುದಿಲ್ಲ ಎಂದು ನೂರ್ ನಿಂತುಬಿಟ್ಟರು.

ಈ ಕೆಲಸ ಏನೆಂದು ಸ್ವಲ್ಪ ನೋಡಿ. ಸೆಟ್‌ನ ತೂಕ ಸುಮಾರು 15 ಕಿಲೋ, ಸೂಟ್‌ಕೇಸ್‌ನಲ್ಲಿ ಹಿಡಿಸುತ್ತದೆ. ಸಂದೇಶ ಕಳಿಸಬೇಕಾದರೆ ಹತ್ತಾರು ಅಡಿ ಉದ್ದದ ತಂತಿಯನ್ನು ಏರಿಯಲ್ ಆಗಿ ಕಿಟಕಿಯಿಂದಲೋ ಮರದಿಂದಲೋ ಹಾಯಿಸಬೇಕು. ಕೀಲಿ ಒತ್ತಲು ಶುರು ಮಾಡಿದ ಕ್ಷಣದಿಂದ ಜರ್ಮನ್ ಪತ್ತೆ ಕೇಂದ್ರಗಳು ಅಲೆ ಹಿಡಿದು ದಿಕ್ಕು ಲೆಕ್ಕ ಹಾಕುತ್ತವೆ, ಬೇಕರಿ ಅಥವಾ ಲಾಂಡ್ರಿ ಗಾಡಿಯಂತೆ ಕಾಣುವ ವ್ಯಾನುಗಳು ಬೀದಿಗೆ ಬರುತ್ತವೆ. ಇಪ್ಪತ್ತು ನಿಮಿಷ ಮೀರಿದರೆ ಬಾಗಿಲು ಬಡಿಯುತ್ತಾರೆ. ಹೀಗಾಗಿ ಒಂದು ಮನೆಯಿಂದ ಒಮ್ಮೆ, ಇನ್ನೊಂದು ಮನೆಯಿಂದ ಇನ್ನೊಮ್ಮೆ. ಆಪರೇಟರ್‌ಗಳು ಸರಾಸರಿ ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕ ಲಂಡನ್‌ನಲ್ಲಿತ್ತು. ನೂರ್ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರು.

ಕೂದಲಿನ ಬಣ್ಣ ಬದಲಿಸಿದರು. ತಾನು ಬೆಳೆದ ಸುರೇನ್‌ಗೇ ಹೋಗಿ ಹಳೆಯ ಪರಿಚಿತರ ಬಾಗಿಲು ತಟ್ಟಿದರು. ಇದು ಎಲ್ಲ ನಿಯಮಕ್ಕೂ ವಿರುದ್ಧ, ಆದರೆ ಅಲ್ಲಿ ಯಾರೂ ಆಕೆಯನ್ನು ಒಪ್ಪಿಸಲಿಲ್ಲ. ಫುಲ್ಲರ್ ಪುಸ್ತಕದಲ್ಲಿ ಎರಡು ಪ್ರಸಂಗಗಳಿವೆ. ಮೆಟ್ರೋ ರೈಲಿನಲ್ಲಿ ಜರ್ಮನ್ ಸೈನಿಕರು ಸೂಟ್‌ಕೇಸ್‌ನಲ್ಲಿ ಏನಿದೆ ಎಂದಾಗ ಸಿನಿಮಾ ಯಂತ್ರ ಎಂದು ಹೇಳಿ ಪಾರಾದದ್ದು ಒಂದು. ಮರಕ್ಕೆ ಏರಿಯಲ್ ತಂತಿ ಕಟ್ಟಲು ಪರದಾಡುತ್ತಿದ್ದಾಗ ಅದೇ ಕಟ್ಟಡದಲ್ಲಿದ್ದ ಜರ್ಮನ್ ಅಧಿಕಾರಿ, ಹಾಡು ಕೇಳುವ ರೇಡಿಯೋಗೆಂದು ಭಾವಿಸಿ ತಾನೇ ಸಹಾಯ ಮಾಡಿದ್ದು ಇನ್ನೊಂದು. ಸಿನಿಮಾದವರಿಗೆ ಬಲು ಇಷ್ಟವಾದ ದೃಶ್ಯಗಳಿವು. ಸುಳ್ಳು ಹೇಳಲು ಬಾರದಾಕೆ ಅಷ್ಟರಲ್ಲಿ ಕಲಿತಿದ್ದರು ಅನ್ನಿಸುತ್ತದೆ.

ಈ ಅವಧಿಯಲ್ಲಿ ಆಕೆಯ ಸಂದೇಶಗಳ ಮೂಲಕ ಶಸ್ತ್ರಾಸ್ತ್ರ, ಹಣ ಇಳಿಸುವ ಜಾಗಗಳು ಗೊತ್ತಾದವು, ಸಿಕ್ಕಿಬೀಳಲಿದ್ದ ಏಜೆಂಟರು ತಪ್ಪಿಸಿಕೊಂಡರು. ಅಕ್ಟೋಬರ್‌ನಲ್ಲಿ ವಾಪಸ್ ಹೊರಡುವ ಏರ್ಪಾಡೂ ಆಗಿತ್ತು.

ಆ ನೋಟ್‌ಬುಕ್

ಅಕ್ಟೋಬರ್ 13ರ ಸುಮಾರಿಗೆ ತಂಗಿದ್ದ ಫ್ಲ್ಯಾಟ್‌ನಲ್ಲಿ ನೂರ್ ಸಿಕ್ಕಿಬಿದ್ದರು. ಹಿಡಿದುಕೊಟ್ಟದ್ದು ಒಂದು ಲಕ್ಷ ಫ್ರಾಂಕ್ ಆಸೆಗೆ, ಜಾಲದ ಮುಖ್ಯಸ್ಥ ಎಮಿಲ್ ಗ್ಯಾರಿಯ ಸ್ವಂತ ಸಹೋದರಿಯೇ ಎಂಬ ಆರೋಪ ಬಂತು. ಯುದ್ಧದ ನಂತರ ಆಕೆಯ ವಿಚಾರಣೆ ನಡೆದು, ಒಂದೇ ಮತದ ಅಂತರದಲ್ಲಿ ಖುಲಾಸೆಯಾಯಿತು. ಹಿಡಿಯಲು ಕಾದು ಕುಳಿತಿದ್ದವನ ಕೈಯನ್ನು ನೂರ್ ರಕ್ತ ಬರುವಂತೆ ಕಚ್ಚಿದರು. ಅಣಕು ವಿಚಾರಣೆಯಲ್ಲಿ ದನಿ ಹೊರಡದ ಹುಡುಗಿ ಇವರೇ.

ಕರೆದೊಯ್ದದ್ದು 84, ಅವೆನ್ಯೂ ಫೋಶ್. ನಾಜಿ ಗುಪ್ತಚರ ವಿಭಾಗದ ಪ್ಯಾರಿಸ್ ಕಚೇರಿ. ಹೋದ ಕೂಡಲೇ ಸ್ನಾನ ಮಾಡಬೇಕೆಂದು ಹಠ ಹಿಡಿದು, ಬಾಗಿಲು ಹಾಕಿಕೊಂಡು ಕಿಟಕಿಯಿಂದ ಛಾವಣಿಗೆ ಹತ್ತಿದರು. ಸಿಕ್ಕಿಬಿದ್ದರು. ವಾರಗಳ ಕಾಲ ಪ್ರಶ್ನಿಸಿದರೂ ಆಕೆಯಿಂದ ಪ್ರಯೋಜನದ ಮಾಹಿತಿ ಹೊರಡಿಸಲಾಗಲಿಲ್ಲ ಎಂದು ಕಚೇರಿಯ ಮುಖ್ಯಸ್ಥ ಹ್ಯಾನ್ಸ್ ಕೀಫರ್ ಯುದ್ಧದ ನಂತರ ಹೇಳಿಕೆ ಕೊಟ್ಟ.

ಆದರೆ ಆಕೆ ಬಾಯಿ ಬಿಡಬೇಕಾದ ಅಗತ್ಯವೂ ಅವರಿಗೆ ಹೆಚ್ಚಿರಲಿಲ್ಲ. ಫ್ಲ್ಯಾಟ್‌ನಲ್ಲಿ ಸೆಟ್ ಜೊತೆ ಒಂದು ನೋಟ್‌ಬುಕ್ ಸಿಕ್ಕಿತ್ತು. ಕಳಿಸಿದ, ಬಂದ ಸಂದೇಶಗಳೆಲ್ಲ ಅದರಲ್ಲಿ ಸಂಕೇತದಲ್ಲೂ ಸಾಮಾನ್ಯ ಭಾಷೆಯಲ್ಲೂ ಬರೆದಿಟ್ಟಿದ್ದವು. ಓದಿದ ಕೂಡಲೇ ಸುಟ್ಟುಹಾಕಬೇಕಾದ ಕಾಗದಗಳು. ಸಂದೇಶಗಳ ಫೈಲಿಂಗ್‌ನಲ್ಲಿ ಬಹಳ ಎಚ್ಚರ ವಹಿಸಿ ಎಂದು ಲಂಡನ್‌ನ ಸೂಚನಾಪತ್ರದಲ್ಲಿ ಇದ್ದ ಒಂದು ಸಾಲನ್ನು ಆಕೆ ಕಡತ ಮಾಡಿ ಇಡಿ ಎಂದು ಅರ್ಥ ಮಾಡಿಕೊಂಡಿದ್ದರು. ಪತ್ರಿಕೋದ್ಯಮದಲ್ಲಿ ಫೈಲ್ ಮಾಡುವುದು ಎಂದರೆ ಸುದ್ದಿ ಕಳಿಸುವುದು, ಅವರ ವಲಯದಲ್ಲೂ ಸಂದೇಶ ರವಾನಿಸುವುದು ಎಂದೇ ಅರ್ಥವಿದ್ದಿರಬಹುದು. ಹೇಗಿದ್ದರೂ ನೋಟ್‌ಬುಕ್ ಜರ್ಮನರ ಕೈಗೆ ಹೋಯಿತು.

ಅವರು ಅದನ್ನು ಓದಿ ಆಕೆಯ ಶೈಲಿ ಕಲಿತರು. ಆಕೆಯ ಸೆಟ್‌ನಿಂದ, ಆಕೆಯ ಹೆಸರಿನಲ್ಲಿ ಲಂಡನ್‌ಗೆ ಸಂದೇಶ ಕಳಿಸತೊಡಗಿದರು. ಲಂಡನ್ ಉತ್ತರಿಸಿತು. ಆಕೆ ಸಿಕ್ಕಿಬಿದ್ದಿದ್ದಾರೆ ಎಂಬ ಎಚ್ಚರಿಕೆ ಅಕ್ಟೋಬರ್‌ನಲ್ಲೇ ಸ್ವಿಟ್ಜರ್ಲೆಂಡ್ ಮೂಲಕ ಬಂದಿತ್ತು, ಬಕ್‌ಮಾಸ್ಟರ್ ನಂಬಲಿಲ್ಲ. ಹದಿನೆಂಟು ಅಕ್ಷರದ ಕೀಲಿ ಬಂತು ಎಂದು ತಾನು ಹೇಳಿದೆನಾದರೂ ಕೇಳಲಿಲ್ಲ ಎಂದು ಮಾರ್ಕ್ಸ್ ಬರೆಯುತ್ತಾರೆ. 1944ರ ಫೆಬ್ರವರಿ ಕೊನೆಯಲ್ಲಿ ಶಾರ್ತ್ರ್ ಬಳಿ ಆಕೆಯ ಸೆಟ್‌ನಿಂದ ನಿಗದಿಯಾದ ಜಾಗಕ್ಕೆ ಮೂವರು ಏಜೆಂಟರು ಪ್ಯಾರಾಚೂಟ್‌ನಲ್ಲಿ ಇಳಿದರು. ಫ್ರಾನ್ಸ್ ಆಂಟೆಲ್ಮ್, ಲಯೊನೆಲ್ ಲೀ, ಮ್ಯಾಡಲೀನ್ ಡಾಮರ್ಮಾಂ. ಹೊಲದಲ್ಲಿ ಕಾದಿದ್ದದ್ದು ಜರ್ಮನರು. ಆಂಟೆಲ್ಮ್ ಹಿಂದಿನ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ಕಂಗಾಲಾಗಿದ್ದ ನೂರ್‌ಗೆ ಆಸರೆಯಾಗಿ ನಿಂತಿದ್ದವರು. ಮೂವರಲ್ಲಿ ಯಾರೂ ಬದುಕಿ ಬರಲಿಲ್ಲ.

ನಮ್ಮ ವಾರ್ಷಿಕೋತ್ಸವದ ಸುದ್ದಿಗಳಲ್ಲಿ ಈ ಭಾಗ ಇರುವುದೇ ಇಲ್ಲ. ವೀರವನಿತೆ ಎಂದ ಮೇಲೆ ತಪ್ಪು ಮಾಡುವಂತಿಲ್ಲವಲ್ಲ! ಕೆಲವು ಬರಹಗಾರರು ಇದೇ ಭಾಗವನ್ನು ಹಿಡಿದು ಆಕೆಯನ್ನು ಪೂರ್ತಿ ಅಸಮರ್ಥೆ ಎಂದು ತಳ್ಳಿಹಾಕಿದ್ದೂ ಉಂಟು. ನನಗೆ ಎರಡೂ ಸೋಮಾರಿತನ ಅನ್ನಿಸುತ್ತದೆ. ಅವಸರದಲ್ಲಿ ತರಬೇತಿ ಪೂರ್ತಿಯಾಗದ ಒಬ್ಬಳನ್ನು ಕಳಿಸಿದ್ದು ಲಂಡನ್. ಅಸ್ಪಷ್ಟ ವಾಕ್ಯ ಬರೆದದ್ದು ಲಂಡನ್. ಎಚ್ಚರಿಕೆ ಬಂದಾಗ ಕಿವುಡಾದದ್ದೂ ಲಂಡನ್. ಹಾಗೆಂದು ನೋಟ್‌ಬುಕ್ ಇಟ್ಟದ್ದು ಆಕೆಯಲ್ಲ ಎನ್ನಲಾಗದು. ಕಪಿಸೇತುವೆಯ ಕಥೆ ಬರೆದಾಕೆಗೆ ತನ್ನ ಕೈಬರಹದ ಮೇಲೆ ನಡೆದುಬಂದವರು ನೇರ ಶತ್ರುವಿನ ಬಲೆಗೆ ಬಿದ್ದರು ಎಂಬುದು ಸೆರೆಮನೆಯಲ್ಲಿ ಎಷ್ಟು ತಿಳಿದಿತ್ತೋ ಯಾವ ಕಡತವೂ ಹೇಳುವುದಿಲ್ಲ. ಕಾದಂಬರಿಗೆ ಜಾಗ ಇರುವುದು ಇಲ್ಲೇ ಇರಬೇಕು.

ಸರಪಳಿ

ನವೆಂಬರ್ 25ರ ರಾತ್ರಿ ನೂರ್ ಮತ್ತೊಮ್ಮೆ ತಪ್ಪಿಸಿಕೊಳ್ಳಲು ನೋಡಿದರು. ಪಕ್ಕದ ಕೋಣೆಗಳಲ್ಲಿದ್ದ ಜಾನ್ ಸ್ಟಾರ್, ಲಿಯೋನ್ ಫೇ ಎಂಬ ಕೈದಿಗಳ ಜೊತೆ ಸೇರಿ, ಬಚ್ಚಿಟ್ಟ ಸ್ಕ್ರೂಡ್ರೈವರ್‌ನಿಂದ ಛಾವಣಿ ಕಿಟಕಿಯ ಸರಳು ಸಡಿಲಿಸಿ ಮೇಲೆ ಹತ್ತಿದರು. ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳ ದಾಳಿಯ ಸೈರನ್ ಮೊಳಗಿತು. ಸೈರನ್ ಆದಾಗ ಕೈದಿಗಳನ್ನು ಎಣಿಸುವುದು ಅಲ್ಲಿನ ರೂಢಿ. ಕೋಣೆಗಳು ಖಾಲಿ ಇದ್ದವು. ಮೂವರೂ ಮತ್ತೆ ಸಿಕ್ಕರು.

ಇನ್ನು ತಪ್ಪಿಸಿಕೊಳ್ಳುವುದಿಲ್ಲ ಎಂದು ಬರೆದುಕೊಡಲು ಕೀಫರ್ ಹೇಳಿದ. ನೂರ್ ಒಪ್ಪಲಿಲ್ಲ. ಎರಡು ದಿನಕ್ಕೆ ಆಕೆಯನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಸಾಗಿಸಿದರು. ಸುಳಿವೇ ಇಲ್ಲದಂತೆ ಮಾಯವಾಗಬೇಕಾದ ಕೈದಿಗಳ ಪಟ್ಟಿಗೆ ಸೇರಿಸಿ, ಕೈಕಾಲಿಗೆ ಸರಪಳಿ ಹಾಕಿ ಒಂಟಿ ಕೋಣೆಯಲ್ಲಿಟ್ಟರು. ಹತ್ತು ತಿಂಗಳು. ಊಟದ ಬಟ್ಟಲಿನ ತಳದಲ್ಲಿ ಗೀಚಿ ಬೇರೆ ಕೋಣೆಯ ಫ್ರೆಂಚ್ ಹೆಂಗಸರಿಗೆ ತಾನಿರುವುದನ್ನು ತಿಳಿಸಿದರು. ಆಕೆಯ ಜೀವಂತ ಜಾಡು ಉಳಿದದ್ದು ಆ ಬಟ್ಟಲಿನಿಂದ.

1944ರ ಸೆಪ್ಟೆಂಬರ್ 11ರಂದು ಕರೆದೊಯ್ದರು. 13ರ ಬೆಳಗಿನ ಜಾವ ಡಾಖಾವ್ ಶಿಬಿರದಲ್ಲಿ ನಾಲ್ವರು ಮಹಿಳಾ ಏಜೆಂಟರನ್ನು ಕೊಂದರು. ನೂರ್, ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತು ನೂರ್ ರೇಡಿಯೋದ ಹೆಸರಿನಲ್ಲಿ ಬಲೆಗೆ ಬಿದ್ದಿದ್ದ ಮ್ಯಾಡಲೀನ್ ಡಾಮರ್ಮಾಂ. ಕೊನೆಯ ಗಳಿಗೆ ಬಗ್ಗೆ ಹಲವು ವರ್ಣನೆಗಳಿವೆ, ಕೊನೆಯ ಪದವೂ ಪ್ರಸಿದ್ಧವಾಗಿದೆ. ಆದರೆ ಅವೆಲ್ಲ ಎರಡನೇ ಬಾಯಿಂದ ಬಂದವು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲ್ಲಿಗೆ ನಿಲ್ಲಿಸುವುದು ಮೇಲು.

ಸತ್ತದ್ದು ಎಲ್ಲಿ?

ಯುದ್ಧ ಮುಗಿದ ಮೇಲೆ ವೆರಾ ಆಟ್ಕಿನ್ಸ್ ಜರ್ಮನಿಗೆ ಹೋಗಿ ಕಾಣೆಯಾದ ತನ್ನ ಏಜೆಂಟರನ್ನು ಹುಡುಕಿದರು. 1944ರ ಜುಲೈನಲ್ಲಿ ನಾಟ್ಸ್‌ವೈಲರ್ ಶಿಬಿರದಲ್ಲಿ ಕೊಂದ ನಾಲ್ವರು ಹೆಂಗಸರಲ್ಲಿ ಒಬ್ಬಾಕೆ ನೂರ್ ಎಂದು ಮೊದಲು ತೀರ್ಮಾನವಾಯಿತು. ಕುಟುಂಬಕ್ಕೂ ಹಾಗೇ ತಿಳಿಸಿದರು. ಆಮೇಲೆ ಫೋರ್ಟ್ಸ್‌ಹೈಮ್‌ನಲ್ಲಿದ್ದ ಫ್ರೆಂಚ್ ಕೈದಿಯೊಬ್ಬರಿಂದ ಪತ್ರ ಬಂತು. ಸೆಪ್ಟೆಂಬರ್‌ವರೆಗೂ ಆಕೆ ಅಲ್ಲೇ ಬದುಕಿದ್ದರು! ಹಾಗಾದರೆ ನಾಟ್ಸ್‌ವೈಲರ್‌ನ ಆ ನಾಲ್ಕನೆಯ ಹೆಣ್ಣು ಯಾರು? ಸೋನಿಯಾ ಓಲ್ಶಾನೆಜ್ಕಿ, ಪ್ಯಾರಿಸ್‌ನಲ್ಲೇ ಸೇರ್ಪಡೆಯಾದ ಯಹೂದಿ ನರ್ತಕಿ. ಲಂಡನ್‌ನ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ನೂರ್ ಸಿಕ್ಕಿಬಿದ್ದಿದ್ದಾರೆ ಎಂದು ಸ್ವಿಟ್ಜರ್ಲೆಂಡ್ ಮೂಲಕ ಎಚ್ಚರಿಸಿದಾಕೆ ಈ ಸೋನಿಯಾ ಎಂದೇ ಸಂಶೋಧಕರು ಗುರುತಿಸಿದ್ದಾರೆ. ಆಕೆಯ ಮಾತನ್ನು ಯಾರೂ ನಂಬಲಿಲ್ಲ, ಸತ್ತ ಮೇಲೆ ಆಕೆಯ ಸಾವನ್ನೂ ನೂರ್ ಹೆಸರಿಗೆ ಬರೆದರು. ಇದರ ಬಗ್ಗೆ ಯಾರಾದರೂ ಒಂದು ಇಡೀ ಕಾದಂಬರಿ ಬರೆಯಬೇಕು.

1946ರಲ್ಲಿ ಫ್ರಾನ್ಸ್ ಕ್ರೋಯ್ ದ ಗೇರ್ ಕೊಟ್ಟಿತು. 1949ರ ಏಪ್ರಿಲ್‌ನಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಘೋಷಿಸಿತು. ಅದೇ ವರ್ಷ ತಾಯಿ ತೀರಿಕೊಂಡರು. ಕೀಫರ್ ಬೇರೊಂದು ಯುದ್ಧಾಪರಾಧಕ್ಕಾಗಿ 1947ರಲ್ಲೇ ಗಲ್ಲಿಗೇರಿದ್ದ. 2012ರಲ್ಲಿ ಲಂಡನ್‌ನ ಗಾರ್ಡನ್ ಸ್ಕ್ವೇರ್‌ನಲ್ಲಿ ಪ್ರತಿಮೆ, 2014ರಲ್ಲಿ ಅಂಚೆಚೀಟಿ, 2020ರಲ್ಲಿ ಟ್ಯಾವಿಟನ್ ಸ್ಟ್ರೀಟ್‌ನ ಮನೆಗೆ ನೀಲಿ ಫಲಕ.

ಕಥೆಗಾರರ ಕೈಯಲ್ಲಿ

ನೂರ್ ಬಗ್ಗೆ ಬಂದ ಕಥನಗಳಲ್ಲಿ ಕೆನಡಾದ ಶೌನಾ ಸಿಂಗ್ ಬಾಲ್ಡ್‌ವಿನ್ 2004ರಲ್ಲಿ ಬರೆದ ದಿ ಟೈಗರ್ ಕ್ಲಾ ಕಾದಂಬರಿ ಹೆಚ್ಚು ಚರ್ಚೆಯಾಯಿತು. ಫೋರ್ಟ್ಸ್‌ಹೈಮ್‌ನ ಸರಪಳಿಯಲ್ಲಿ ಕೂತು ನೂರ್ ಹುಟ್ಟದ ಮಗುವಿಗೆ ಬರೆಯುವ ಕಲ್ಪನೆ ಅದು. ಯಹೂದಿ ಪ್ರಿಯಕರನನ್ನು ಹುಡುಕಲೆಂದೇ ಆಕೆ ಫ್ರಾನ್ಸ್‌ಗೆ ಮರಳುತ್ತಾರೆ. ಯಹೂದಿ ಮೂಲದ ಸಂಗೀತಗಾರನೊಬ್ಬನ ಜೊತೆ ನೂರ್‌ಗೆ ವರ್ಷಗಳ ಪ್ರೀತಿ ಇದ್ದದ್ದು, ಯುದ್ಧದ ಹೊತ್ತಿಗೆ ಅದು ಮುರಿದದ್ದು ನಿಜ. ಉಳಿದದ್ದು ಕಾದಂಬರಿಕಾರ್ತಿಯದ್ದು, ಅದನ್ನು ಕಾದಂಬರಿ ಎಂದೇ ಕರೆದು ಬರೆದಿದ್ದಾರೆ, ತಕರಾರಿಲ್ಲ. 2019ರ ಎ ಕಾಲ್ ಟು ಸ್ಪೈ ಚಿತ್ರದಲ್ಲಿ ರಾಧಿಕಾ ಆಪ್ಟೆ ನೂರ್ ಆಗಿದ್ದರು. ಡಾಕ್ಟರ್ ಹೂ ಸೀರಿಯಲ್‌ನಲ್ಲೂ 2020ರಲ್ಲಿ ನೂರ್ ಪಾತ್ರ ಬಂದುಹೋಯಿತು.

ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ ದಾರಿ ಹೊಸದೇನಲ್ಲ. ಟಿಪ್ಪು ಬರೆದಿಟ್ಟ ಕನಸುಗಳ ಹಸ್ತಪ್ರತಿ ಶ್ರೀರಂಗಪಟ್ಟಣದಿಂದ ಲಂಡನ್‌ಗೆ ಹೋಗಿ ಅಲ್ಲಿನ ಗ್ರಂಥಾಲಯ ಸೇರಿತ್ತು. ಅದನ್ನು ಹಿಡಿದು ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳ ನಾಟಕ ಬರೆದರು. ನೂರ್ ಕಡತವೂ ಲಂಡನ್‌ನಲ್ಲೇ, ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದೆ. ಬೋಧಕರ ಷರಾಗಳನ್ನು ಓದಬಹುದು.

ದೆಹಲಿಯಲ್ಲಿರುವವರಿಗೆ ಅಷ್ಟು ದೂರ ಹೋಗಬೇಕಿಲ್ಲ. ನಿಜಾಮುದ್ದೀನ್ ಬಸ್ತಿಯ ಗಲ್ಲಿಯಲ್ಲಿ ಹಜರತ್ ಇನಾಯತ್ ಖಾನ್ ದರ್ಗಾ ಇದೆ. ಅಕ್ಕನ ಜೊತೆ ಯುದ್ಧಕ್ಕೆ ಹೊರಟಿದ್ದ, ಮುಂದೆ ಸೂಫಿ ಗುರುವಾದ ವಿಲಾಯತ್ 2004ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯೂ ನಿಜಾಮುದ್ದೀನ್‌ನಲ್ಲೇ ಆಯಿತು. ನೂರ್‌ಗೆ ಸಮಾಧಿ ಇಲ್ಲ. ಡಾಖಾವ್‌ನ ದಹನಗೃಹದ ಗೋಡೆಯ ಮೇಲೆ ನಾಲ್ವರ ಹೆಸರು ಬರೆದ ಫಲಕವಿದೆ. ಆಕೆಯ ಮತ್ತು ಡಾಮರ್ಮಾಂ ಹೆಸರು ಒಂದೇ ಫಲಕದಲ್ಲಿವೆ.